ಮಾಜಿಯ ಮಾತಿಗೆ ಹೂಂ ಅಂದದ್ದು

ನಮ್ಮ ಕಡೆಯ ಮಾಜಿ ಶಾಸಕರನ್ನು ಕಂಡರೆ ನನಗೆ ಆಗುವುದಿಲ್ಲ. ಮುಖ ನೋಡಿದರೆ ಕೆಟ್ಟ ಕೊಬ್ಬರಿ ಕಚ್ಚಿದಂತಾಗುತ್ತದೆ, ಉಗಿಯುವ ತನಕ ಸಮಾಧಾನವಿಲ್ಲ. ಜನ ಅವರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಬರೀ ‘ಮಾಜಿ’ ಅನ್ನುತ್ತಾರೆ. ಮೂರು ಪಕ್ಷದ ಶಾಲು ಹೊದ್ದು ಮೂರನ್ನೂ ತನ್ನ ತವರುಮನೆ ಅಂದ ಮನುಷ್ಯ. ಒಂದು ವರ್ಷ ನಾಲೆಗೆ ನೀರು ಬಿಡಿ ಎಂದು ಹೆದ್ದಾರಿಯ ಮೇಲೆ ಮಲಗಿದರು. ಟಿವಿಯವರು ಕ್ಯಾಮೆರಾ ಮಡಚುವ ತನಕ ಮಲಗಿದ್ದು, ಆಮೇಲೆ ಎದ್ದು, ಪಂಚೆಯ ಧೂಳು ಕೊಡವಿ, ಕಾರು ಹತ್ತಿದರು. ಲಾಠಿ ಬಿದ್ದದ್ದು ಅವರ ಹಿಂದೆ ಮಲಗಿದ್ದವರಿಗೆ. ಕೊತ್ತತ್ತಿಯಿಂದ ಟ್ರ್ಯಾಕ್ಟರಿನಲ್ಲಿ ಹೋಗಿದ್ದ ನನ್ನ ಮೊಣಕಾಲಿಗೂ ಒಂದು ಬಿತ್ತು. ಇನ್ನೊಂದು ಸಲ ಮಂಡ್ಯದ ರೈತರ ಸಭೆಯಲ್ಲಿ ನಿಂತು, ಎಳನೀರು ದಲ್ಲಾಳಿಗಳೆಲ್ಲ ರಕ್ತ ಹೀರುವ ಜಿಗಣೆಗಳು ಎಂದು ಭಾಷಣ ಮಾಡಿದರು. ಅದೇ ಸಂಜೆ ಮದ್ದೂರಿನ ನನ್ನ ಎಳನೀರು ಮಂಡಿಯ ಮುಂದೆ ಕಾರು ನಿಲ್ಲಿಸಿ, ಗಂಜಿ ಇರುವ ಎಳನೀರೇ ಬೇಕೆಂದು ಎರಡು ಕೆತ್ತಿಸಿ ಕುಡಿದು, ಬಾಯಿ ಒರೆಸಿಕೊಂಡು ಹೋದರು. ಜಿಗಣೆಯ ಮನೆಯ ನೀರು ಅವರಿಗೆ ಚೆನ್ನಾಗಿಯೇ ಇಳಿಯಿತು.

ಅಂಥವರ ಮಾತಿಗೆ ಒಂದು ಊರಿನ ಕಟ್ಟೆಯ ಮುಂದೆ ನಿಂತು ನಾನು ಹೂಂ ಅನ್ನಬೇಕಾಯಿತು.

ನಾನು ಸೈಕಲ್ ಕ್ಯಾರಿಯರಿನ ಮೇಲೆ ಗೊನೆ ಕಟ್ಟಿಕೊಂಡು ಎಳನೀರು ಮಾರಿ ಮೇಲೆ ಬಂದವನು. ಈಗ ಊರೂರಿನ ತೆಂಗಿನ ತೋಟಗಳನ್ನು ವರ್ಷದ ಲೆಕ್ಕದಲ್ಲಿ ಹಿಡಿದು, ಕಾಯಿ ಇಳಿಸಿ, ಲಾರಿಗೆ ತುಂಬಿ ಕಳಿಸುತ್ತೇನೆ. ಈ ಕಸುಬಿಗೆ ಬರುವ ಹೊಸಬರಿಗೆ ನಾನು ಹೇಳುವುದು ಇಷ್ಟೇ: ತೋಟ ಹಿಡಿಯುವ ಮುಂಚೆ ಮರ ನೋಡಬೇಡಿ, ಮರ ಹತ್ತುವವನನ್ನು ನೋಡಿ. ಮರ ಎಲ್ಲಿಗೂ ಓಡಿಹೋಗುವುದಿಲ್ಲ, ಹತ್ತುವವನು ಹೋಗುತ್ತಾನೆ. ನಮ್ಮ ಹುಡುಗರು ಮರ ಹತ್ತುವುದು ಬಿಟ್ಟು ಬಹಳ ಕಾಲವಾಯಿತು. ಈಗ ಹತ್ತುವವರೆಲ್ಲ ಬಿಹಾರದ ಕಡೆಯವರು. ಅವರಲ್ಲಿ ನನ್ನ ಹತ್ತಿರ ಒಬ್ಬನಿದ್ದ. ಕಾಯಿಗೆ ಪೆಟ್ಟಾಗದಂತೆ ಗೊನೆಯನ್ನು ಹಗ್ಗದಲ್ಲಿ ಇಳಿಸುವುದರಲ್ಲಿ ಅವನ ಸಮ ಯಾರೂ ಇಲ್ಲ. ಮಂಡಿಯಲ್ಲಿದ್ದು ಇದ್ದು ನಮ್ಮ ಮಾತನ್ನೂ ಕಲಿತಿದ್ದ, ನನ್ನನ್ನು ಅಣ್ಣ ಅನ್ನುತ್ತಿದ್ದ. ಹೆಂಡತಿಯನ್ನೂ ಕರೆತಂದಿದ್ದ. ಅವಳಿಗೆ ಕನ್ನಡದ ಒಂದು ಅಕ್ಷರವೂ ಬಾರದು. ಪೂರಿಗಾಲಿ ಕಡೆಯ ಒಂದು ಊರಿನಲ್ಲಿ ನಾನು ಹಿಡಿದಿದ್ದ ತೋಟದ ಪಂಪ್‌ಮನೆಯಲ್ಲಿ ಇಬ್ಬರೂ ಇದ್ದರು. ಅವಳಿಗೆ ದಿನ ತುಂಬಿತ್ತು.

ಆ ಊರಿನಲ್ಲಿ ಅಮ್ಮನ ಹಬ್ಬಕ್ಕೆ ಮೊದಲು ತಮಟೆ ಬಡಿದು ಸಾರುತ್ತಾರೆ. ಸಾರಿದ ಮೇಲೆ ಹಬ್ಬ ಮುಗಿಯುವ ತನಕ ಯಾರ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ, ಹುರಿಯುವಂತಿಲ್ಲ. ಊರಿನ ಎಲ್ಲೆಗೆ ಬೇವಿನ ತೋರಣ ಕಟ್ಟುತ್ತಾರೆ, ಅದರೊಳಗೆ ಪುರುಡು ಇರುವಂತಿಲ್ಲ. ಪುರುಡು ಎಂದರೆ ಹೆರಿಗೆಯ ಮೈಲಿಗೆ, ಹನ್ನೊಂದು ದಿನ. ಹಾಗಾಗಿ ದಿನ ತುಂಬಿದ ಬಸುರಿಯರನ್ನೆಲ್ಲ ಸಾರುವುದಕ್ಕೆ ಮೊದಲೇ ತವರಿಗೋ ನೆಂಟರ ಮನೆಗೋ ಕಳಿಸಿಬಿಡುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಅವನಿಗೆ ಹೇಳಲಿಲ್ಲ. ಹೇಳಿದರೆ ಹೆಂಡತಿಯನ್ನು ಕರೆದುಕೊಂಡು ಅವನೂ ಹೊರಟುಬಿಡುತ್ತಾನೆ, ಗೊನೆಗಳೆಲ್ಲ ಬಲಿತು ಎಳನೀರು ಹೋಗಿ ತೆಂಗಿನಕಾಯಿಯಾಗುತ್ತವೆ ಎಂಬ ಹೆದರಿಕೆ. ಹೆರಿಗೆ ಹಬ್ಬ ಕಳೆದೇ ಆಗುತ್ತದೆ ಎಂದು ನನಗೆ ನಾನೇ ಲೆಕ್ಕ ಹಾಕಿಕೊಂಡಿದ್ದೆ.

ಮಗು ನನ್ನ ಲೆಕ್ಕ ಕೇಳಲಿಲ್ಲ. ಸಾರಿದ ಮಾರನೆಯ ದಿನವೇ ನೋವು ಬಂತು. ಮಳವಳ್ಳಿಯ ಆಸ್ಪತ್ರೆಯಲ್ಲಿ ಹೆಣ್ಣುಮಗು ಆಯಿತು, ಹೊಲಿಗೆ ಹಾಕಿ ಮೂರನೇ ದಿನ ಕಳಿಸಿದರು. ಅವರಿಗೆ ಹೋಗಲು ಬೇರೆ ಮನೆ ಎಲ್ಲಿದೆ? ಆಟೋ ಮಾಡಿಕೊಂಡು ನೇರ ಪಂಪ್‌ಮನೆಗೇ ಬಂದರು. ಬೆಳಗಾಗುವುದರೊಳಗೆ ಊರಿಗೆಲ್ಲ ಗೊತ್ತಾಗಿತ್ತು. ನನಗೆ ಫೋನು ಬಂತು, ಓಡಿದೆ.

ಅರಳಿಕಟ್ಟೆಯ ಮೇಲೆ ಊರಿನ ಯಜಮಾನರು ಕೂತಿದ್ದರು, ಸುತ್ತ ಹತ್ತಾರು ಜನ. ಯಜಮಾನರು ಕೆಟ್ಟವರಲ್ಲ. ತೋಟದ ಜಗಳದಲ್ಲಿ ಒಮ್ಮೆ ನನ್ನ ಪರ ನ್ಯಾಯ ಹೇಳಿದವರು.

“ಏನಪ್ಪಾ ಎಳ್ನೀರು, ನಿನ್ ಕಡೆಯೋಳು ಮಗೀನ ಎತ್ಕಂಡು ಬಂದವ್ಳಂತಲ್ಲ?”

“ಊಂ ಯಜಮಾನ್ರೆ. ನಿನ್ನೆ ಸಂದೆ ಬಂದ್ಲು.”

“ಅಬ್ಬ ಸಾರಿರದು ಗೊತ್ತಿರ್ನಿಲ್ವಾ ನಿಂಗೆ?”

“ಗೊತ್ತಿತ್ತು. ಏನ್ ಮಾಡ್ಲಿ, ಮಗು ಕೇಳ್ಬೇಕಲ್ಲ.”

ಇಬ್ಬರು ನಕ್ಕರು. ಯಜಮಾನರು ನಗಲಿಲ್ಲ. “ನನ್ ಸ್ವಂತ ಸೊಸೇನೇ ಕಿರುಗಾವಲಿಗೆ ಕಳ್ಸಿವ್ನಿ ಕಣಪ್ಪ. ಅವ್ಳಿಗೊಂದು ನ್ಯಾಯ, ನಿನ್ನೋಳಿಗೊಂದು ನ್ಯಾಯವಾ? ಮದ್ಯಾನ್ದೊಳಗೆ ಎಲ್ಲೆ ದಾಟಿಸ್ಬುಡು.”

ಆಗ ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಯಾರಾದರೂ ಒಂದು ಬೆಲೆ ಹೇಳಿದರೆ ಅದನ್ನು ಒಪ್ಪುವುದೂ ಇಲ್ಲ, ಬೇಡವೆಂದು ಎದ್ದು ಹೋಗುವುದೂ ಇಲ್ಲ. ನಡುವೆ ಎಲ್ಲೋ ಒಂದು ಜಾಗ ಹುಡುಕುವುದು. ಮೂವತ್ತು ವರ್ಷದ ಅಭ್ಯಾಸ. “ನಾಳೆ ಸಂದೆ ತಂಕ ಬುಡಿ,” ಅಂದೆ. ಆಗಲ್ಲ ಅಂದರು. “ನಾಳೆ ಬೆಳಿಗ್ಗೆ ಓಗ್ಲಿ.” ಅದೂ ಆಗಲ್ಲ. “ಬಿಸ್ಲು ಇಳೀಲಿ ಯಜಮಾನ್ರೆ, ಹಸಿಮೈಯೋಳು. ದೀಪ ಅಚ್ಚೋ ಒತ್ಗೆ ನಾನೇ ಸಾಗಿಸ್ತೀನಿ. ಆದ್ರೆ ಗಂಡ ಇರ್ಲಿ. ಅವ್ನು ಸ್ನಾನ ಮಾಡ್ಕಂಡು ಮರ ಅತ್ತ್ಕಳ್ಲಿ, ಪಂಪ್‌ಮನೆ ಕಡೀಕೆ ಓಗದು ಬ್ಯಾಡ.”

ಯಜಮಾನರು ಸುತ್ತ ನೋಡಿದರು. ಯಾರೂ ಬೇಡ ಅನ್ನಲಿಲ್ಲ. “ಆಯ್ತು, ದೀಪ ಅಚ್ಚೋದ್ರೊಳಗೆ,” ಅಂದು ಕೈ ಚಾಚಿದರು. ನಾನು ಅವರ ಕೈ ಮೇಲೆ ಕೈ ಹಾಕಿದೆ. ನಮ್ಮ ವ್ಯಾಪಾರದಲ್ಲಿ ಅಲ್ಲಿಗೆ ಮುಗಿಯಿತು. ಆಮೇಲೆ ಕಾಯಿ ಕೊಳೆತು ಬಂದರೂ ಮಾತು ಕೊಳೆಯಬಾರದು.

ಕಟ್ಟೆಯಿಂದ ಇಳಿದು ತೋಟದ ಕಡೆ ನಡೆಯುವಾಗ ನನಗೆ ಖುಷಿಯೇ ಇತ್ತು. ಇದನ್ನು ಬರೆಯುವುದಕ್ಕೆ ಹೇಸಿಗೆಯಾಗುತ್ತದೆ, ಆದರೂ ಬರೆಯುತ್ತೇನೆ. ಮಧ್ಯಾಹ್ನ ಅಂದದ್ದನ್ನು ಸಂಜೆಗೆ ತಂದೆ, ಮರ ಹತ್ತುವವನನ್ನೂ ಉಳಿಸಿಕೊಂಡೆ ಎಂದು ಬೀಗುತ್ತಿದ್ದೆ.

ನಾಲೆಯ ಆಚೆಗಿನ ಆ ಪಂಪ್‌ಮನೆ ಎಂದರೆ ಕಲ್ಲುಗೋಡೆಯ, ಶೀಟು ಹೊದಿಸಿದ ಒಂದು ಕೋಣೆ. ಒಂದು ಮೂಲೆಯಲ್ಲಿ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ, ಇನ್ನೊಂದು ಮೂಲೆಯಲ್ಲಿ ಚಾಪೆ. ಅವಳು ಒಂದು ಮಗ್ಗುಲಿಗೆ ಮಲಗಿದ್ದಳು. ನಾನು ಬಾಗಿಲಲ್ಲಿ ನಿಂತು ಗಂಡನಿಗೆ ವಿಷಯ ಹೇಳಿದೆ. ಮದ್ದೂರಿನ ಮಂಡಿಯ ಹಿಂದೆ ಗೋಣಿಚೀಲ ಇಡುವ ಕೋಣೆಯಿದೆ, ಅಲ್ಲಿರಲಿ, ಸಂಜೆ ಕಾಯಿ ತುಂಬಿದ ಲಾರಿಯಲ್ಲೇ ಹೋಗಲಿ ಅಂದೆ. ನಡುವೆ ಅವಳ ಕಡೆ ತಿರುಗಿ, ನನಗೆ ಬರುವ ಎರಡು ಹಿಂದಿ ಮಾತಿನಲ್ಲಿ, “ಶಾಮ್ ಕೋ ಜಾನಾ,” ಎಂದು ಕೈಯನ್ನು ಹೊರಗಿನ ದಾರಿಗೆ ತೋರಿಸಿದೆ. ಅವಳು ಕೈಯನ್ನೂ ನೋಡಿದಳು, ದಾರಿಯನ್ನೂ ನೋಡಿದಳು.

“ಅಣ್ಣ, ಅವ್ಳ್ಗೆ ಕೂರಕ್ಕೇ ಆಗಲ್ಲ,” ಅಂದ ಅವನು. “ಹೊಲಿಗೆ ಐತೆ. ಲಾರಿಲಿ ಎಂಗೆ?”

ನನ್ನ ಹತ್ತಿರ ಅದಕ್ಕೂ ಸಲಹೆ ಇತ್ತು. ನನ್ನ ಹತ್ತಿರ ಯಾವುದಕ್ಕೆ ಸಲಹೆ ಇರಲಿಲ್ಲ! “ಕಾಯಿ ಮ್ಯಾಲೆ ಉಲ್ಲು ಆಸಿ, ನಾಕು ಗೋಣಿಚೀಲ ಮಡಿಸಿ ಆಕ್ತೀನಿ ಕಣ್ಲಾ. ಸೋಫಾ ಇದ್ದಂಗಿರ್ತದೆ.”

ಅವನು ಹೆಂಡತಿಗೆ ಅವರ ಮಾತಿನಲ್ಲಿ ಏನೋ ಹೇಳಿದ. ಅವಳು ಗೋಡೆ ಹಿಡಿದು ಎದ್ದು, ಹಗ್ಗದ ಮೇಲೆ ಒಣಗಿದ್ದ ಮಗುವಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದಳು.

ನಾನು ಹೊರಗೆ ಬಂದು ಒಂದು ತೆಂಗಿನ ಮರದ ನೆರಳಿಗೆ ನಿಂತೆ. ಅಷ್ಟು ಹೊತ್ತಿಗೆ ಖುಷಿ ಇಳಿದಿತ್ತು. ನಮ್ಮ ಸಾಹೇಬರಿಗೆ ಫೋನು ಮಾಡಿದೆ. ನಮ್ಮ ಸಾಹೇಬರು ಎಂದರೆ ಮಾಜಿಯನ್ನು ಸೋಲಿಸಿದವರು. ಅವರಿಗಾಗಿ ನಾನು ಎರಡು ಚುನಾವಣೆಯಲ್ಲಿ ಮನೆಮನೆ ಸುತ್ತಿದ್ದೇನೆ. ಬಡವರು, ಹೆಣ್ಣುಮಕ್ಕಳು, ಕೂಲಿಯವರು ಎಂದು ಅವರು ಮಾತಾಡಿದರೆ ಕಣ್ಣು ಒದ್ದೆಯಾಗುತ್ತದೆ. ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅಂದರು: “ಅದು ಊರ್ ದೇವ್ರ ವಿಚಾರ ಕಣಯ್ಯ. ಅವ್ರ ನಂಬ್ಕೆಗೆ ನಾವು ಕೈ ಆಕ್ಬಾರ್ದು. ಆ ಊರಲ್ಲಿ ನಮ್ಗೆ ಓಟು ಬೇರೆ ಜಾಸ್ತಿ. ಆಗ್ಲೇ ಒಪ್ಕಂಡಿದ್ದೀಯಲ್ಲ, ಬುಡು. ಒಳ್ಳೆ ಕೆಲ್ಸ ಮಾಡಿದ್ದೀಯ.”

ಒಳ್ಳೆ ಕೆಲಸ! ಆದರೂ ಫೋನಿನಲ್ಲಿ “ಆಯ್ತು ಸಾ” ಅಂದೆ.

ಮೂರು ಗಂಟೆಯ ಹೊತ್ತಿಗೆ ಊರಿಗೆ ಎರಡು ಕಾರು ಬಂದವು. ಹಬ್ಬದ ಪೆಂಡಾಲು ತಮ್ಮದೆಂದು ತೋರಿಸಿಕೊಳ್ಳಲು ಮಾಜಿ ಬಂದಿದ್ದರು. ಬಿಳಿ ಅಂಗಿ, ಬಿಳಿ ಪಂಚೆ, ಹಿಂದೆ ಐದಾರು ಬಾಲಗಳು, ಒಬ್ಬನ ಕೈಯಲ್ಲಿ ಯಾವಾಗಲೂ ಫೋಟೊ ತೆಗೆಯಲು ಎತ್ತಿಕೊಂಡೇ ಇರುವ ಫೋನು. ನಾನು ಲಾರಿ ಎಲ್ಲಿ ನಿಲ್ಲಿಸಬೇಕೆಂದು ಕೇಳಲು ಕಟ್ಟೆಯ ಹತ್ತಿರ ಬಂದಿದ್ದೆ, ತಪ್ಪಿಸಿಕೊಳ್ಳಲು ಆಗಲಿಲ್ಲ. ಕಟ್ಟೆಯ ಮೇಲೆ ಕೂತು ಎಳನೀರು ಕುಡಿಯುತ್ತಾ, ಅದೂ ನನ್ನ ತೋಟದ್ದೇ, ಅವರು ಕೇಳಿದರು: “ಏನ್ರಯ್ಯ ಗುಸುಗುಸು?”

ಯಾರೋ ಹೇಳಿದರು. ಮಾಜಿ ಕಾಯಿಯನ್ನು ಕೆಳಗಿಟ್ಟರು.

“ಎಷ್ಟ್ ದಿನ ಆಯ್ತು ಹೆತ್ತು?”

“ನಾಕನೇ ದಿನ ಸಾ.”

“ನಾಕ್ ದಿನದ ಹಸಿ ಬಾಣಂತೀನ ಎಬ್ಬಿಸಿ ಕಳ್ಸ್ತಾ ಇದ್ದೀರಾ? ತಾಯಿ ಅಬ್ಬ ಮಾಡಕ್ಕೆ ತಾಯೀನೇ ಓಡಿಸ್ತೀರೇನ್ರಯ್ಯ?”

ಇದು ಫ್ಲೆಕ್ಸಿಗೆ ಮಾಡಿಟ್ಟ ಮಾತು ಅನ್ನಿಸಿತು. ಫೋನಿನವನು ವಿಡಿಯೊ ಶುರು ಮಾಡಿಯೂಬಿಟ್ಟಿದ್ದ. ನಾನು ಮನಸ್ಸಿನಲ್ಲೇ ಉಗಿದೆ.

ಯಜಮಾನರು, “ಊರ್ ಕಟ್ಲೆ ಸಾ. ನಮ್ ಮನೆ ಹೆಣ್ಮಕ್ಳೂ ಓಗವ್ರೆ,” ಅಂದರು.

“ನಿಮ್ ಹೆಣ್ಮಕ್ಳು ತವ್ರಿಗೆ ಓದ್ರು. ಅದೂ ಹೆರೋಕೆ ಮುಂಚೆ. ಇವ್ಳ ತವ್ರು ಎಲ್ಲದೆ? ಮೂರ್ ದಿನ ರೈಲಲ್ಲಿ ಓಗ್ಬೇಕು.” ಆಮೇಲೆ ಅವರ ದನಿ ಇಳಿಯಿತು, ಫೋನಿನವನಿಗೆ ಕೇಳಿಸಿತೋ ಇಲ್ಲವೋ. “ನಮ್ಮವ್ವ ನನ್ನ ಹೆತ್ತು ನಾಕನೇ ದಿನ ಗದ್ದೇಗೆ ಇಳಿದ್ಲಂತೆ. ಸಾಯೋ ತಂಕ ಸೊಂಟ ಇಡ್ಕಂಡೇ ನಡೀತಿದ್ಲು. ಕೂತ್ರೆ ಏಳಕ್ಕಾಗ್ತಿರ್ನಿಲ್ಲ, ನಾನೇ ಎತ್ತಿ ನಿಲ್ಲುಸ್ತಿದ್ದೆ. ಬ್ಯಾಡ ಕಣ್ರಯ್ಯ. ಇರ್ಲಿ ಬುಡಿ ಅವ್ಳು.”

ಒಂದು ಕಾಯಿ ಕೈಗೆ ಬಂದರೆ ತಟ್ಟಿ, ಅಲ್ಲಾಡಿಸಿ, ಕಿವಿಗಿಟ್ಟು ಕೊಳೆತಿದೆಯೇ ನೋಡುವುದು ನನ್ನ ಕಸುಬು. ಆ ಮಾತನ್ನೂ ಹಾಗೇ ತಟ್ಟಿ ನೋಡಿದೆ. ಎಲ್ಲಾದರೂ ಒಂದು ಕೊಳೆ ಸಿಗಲಿ ಎಂದು ಹುಡುಕಿದೆ. ಓಟಿಗೆ ಆಡುತ್ತಿದ್ದಾರೆಯೆ? ಹಾಗಿದ್ದರೆ ಊರನ್ನು ಎದುರು ಹಾಕಿಕೊಳ್ಳುತ್ತಿರಲಿಲ್ಲ, ಪಂಪ್‌ಮನೆಯವಳಿಗೆ ಇಲ್ಲಿ ಓಟಿಲ್ಲ. ಹೆಸರಿಗೆ ಆಡುತ್ತಿದ್ದಾರೆಯೆ? ಇರಬಹುದು. ಆದರೆ ಹೆಸರಿಗೆ ಆಡಿದರೂ ಮಾತು ಸರಿಯಾಗಿಯೇ ಇತ್ತು. ನನಗೆ ಬೆಳಗಿನಿಂದ ಬಾಯಿಗೆ ಬಾರದ ಒಂದೇ ಒಂದು ಪದ, ‘ಬೇಡ’ ಎಂಬುದು, ಈ ಮನುಷ್ಯನ ಬಾಯಲ್ಲಿ ಎಳನೀರು ಇಳಿದಷ್ಟು ಸಲೀಸಾಗಿ ಬಂದಿತ್ತು. ಅದೇ ನನಗೆ ಸಹಿಸಲಾಗಲಿಲ್ಲ.

ಯಜಮಾನರು ಇಕ್ಕಟ್ಟಿಗೆ ಸಿಕ್ಕಿದರು. “ಮಾತಾಗೋಗದೆ ಸಾ. ಎಳ್ನೀರ್ನೋನು ಕೈ ಮ್ಯಾಲೆ ಕೈ ಆಕವ್ನೆ. ದೀಪ ಅಚ್ಚೋದ್ರೊಳಗೆ ಕಳ್ಸ್ತೀನಿ ಅಂದವ್ನೆ. ಕೇಳಿ ಬೇಕಾದ್ರೆ.”

ಮಾಜಿ ನನ್ನ ಕಡೆ ತಿರುಗಿದರು. ಗುರುತು ಹಿಡಿದರು. “ಓಹೋ, ಮದ್ದೂರು ಮಂಡಿಯೋನು! ಬಾಣಂತಿ ಮ್ಯಾಲೂ ಯಾಪಾರ ಮಾಡ್ಬುಟ್ಯೇನಯ್ಯ?”

ಕಟ್ಟೆಯ ಜನ ನಕ್ಕರು. ಜಿಗಣೆ ಅಂದಾಗ ನನಗೆ ಸಿಟ್ಟು ಬಂದಿತ್ತು, ಏಕೆಂದರೆ ಅದು ಸುಳ್ಳು. ಇದಕ್ಕೆ ಸಿಟ್ಟು ಬರಲಿಲ್ಲ.

“ನೀನೇ ಯೋಳ್ಲಾ,” ಅಂದರು ಯಜಮಾನರು. “ನೀನು ಆಡಿದ್ ಮಾತು. ಇರದಾ, ಓಗದಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೋಗಲಿ ಅಂದರೆ ನನ್ನ ಮಾತು ಉಳಿಯುತ್ತದೆ, ಮಾಜಿಗೆ ಮುಖಭಂಗ, ನಮ್ಮ ಸಾಹೇಬರಿಗೆ ಸಂತೋಷ. ಎಲ್ಲವೂ ನನಗೆ ಅನುಕೂಲವೇ. ಲಾರಿಯವನು ಆಗಲೇ ಹುಲ್ಲು ತಂದು ಹಾಕಿದ್ದ. ಆ ಹುಲ್ಲು ಕಣ್ಣಿಗೆ ಬಿತ್ತು. ಮದ್ದೂರಿನ ತನಕ ಒಂದೊಂದು ರೋಡ್ ಹಂಪು, ಒಂದೊಂದು ಗುಂಡಿ ಎಲ್ಲಿದೆಯೆಂದು ನನಗೆ ಬಾಯಿಪಾಠ.

“ನಾನು ಆಡಿದ್ ಮಾತು ವಾಪಸ್ ತಗತೀನಿ ಯಜಮಾನ್ರೆ,” ಅಂದೆ. “ಮಾಜಿಯೋರು ಅಂದಿದ್ದೇ ಸರಿ. ಅವ್ಳು ಇರ್ಲಿ.”

ಹಿಂದಿನಿಂದ ಯಾರೋ ಸಿಳ್ಳೆ ಹಾಕಿದರು. “ಅಲಲಲಾ, ಎಳ್ನೀರು ಪಕ್ಸ ಬದ್ಲಾಯಿಸ್ಬುಡ್ತು ಕಣ್ಲಾ!”

ಯಜಮಾನರು ಹುಡುಗರಿಗೆ ಕೂಗಿ ಹೇಳಿದರು: “ಲೇ, ಎಲ್ಲೆ ತೋರಣ ಬಿಚ್ರಲಾ. ನಾಲೆ ಏರಿ ಈಚೆಗೆ ಕಟ್ರಿ. ಪಂಪ್‌ಮನೆ ಆಚೆಗಾಯ್ತದೆ. ಈ ವರ್ಸ ಊರು ಅಲ್ಲೀಗಂಟ.”

ಅಷ್ಟೇ. ಎಲ್ಲೆಗೆ ಕಟ್ಟಿದ್ದ ಬೇವಿನ ತೋರಣವನ್ನು ಬಿಚ್ಚಿ ನೂರು ಹೆಜ್ಜೆ ಈಚೆಗೆ ಕಟ್ಟಲು ಹುಡುಗರಿಗೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಕಟ್ಟಳೆ ಉಳಿಯಿತು, ಬಾಣಂತಿಯೂ ಉಳಿದಳು. ಬೆಳಿಗ್ಗೆ ನಾನು ಗಂಟೆಗಳ ಮೇಲೆ ಅಷ್ಟು ಚೌಕಾಸಿ ಮಾಡಿದವನು, ಇದೊಂದನ್ನು ಕೇಳಿಯೇ ಇರಲಿಲ್ಲ. ಅವಳು ಹೋಗಬೇಕು ಎಂಬುದನ್ನು ಮೊದಲೇ ಒಪ್ಪಿಕೊಂಡು, ಆಮೇಲೆ ವ್ಯಾಪಾರಕ್ಕೆ ಕೂತಿದ್ದೆ. ಕೇಳುವವರು ಯಾರಾದರೂ ಇದ್ದರೆ ಹೇಳುತ್ತೇನೆ: ಬೆಲೆ ಇಳಿಸುವ ಮುಂಚೆ ಆ ವಸ್ತು ಮಾರಾಟಕ್ಕೆ ಇದೆಯೋ ಇಲ್ಲವೋ ನೋಡಿಕೊಳ್ಳಿ. ಮೂವತ್ತು ವರ್ಷ ವ್ಯಾಪಾರ ಮಾಡಿದವನಿಗೆ ಇದು ತಿಳಿದಿರಲಿಲ್ಲ.

ಮಾಜಿ ಎದ್ದರು. “ನಡೀರಿ, ಮಗೀನ ನೋಡ್ಕಂಡು ಬರಾನ,” ಅಂದರು. ಫೋನಿನವನು ಮುಂದೆ ಓಡಿದ. ಯಜಮಾನರು ಮೆಲ್ಲಗೆ, “ಓಗ್ಬೋದು ಸಾ. ಆದ್ರೆ ಪುರುಡಿನ ಮನೆಗೆ ಓದ್ಮೇಲೆ ಇವತ್ತು ಗುಡಿ ಒಳೀಕೆ ಬರಂಗಿಲ್ಲ. ಮಂಗಳಾರತಿ ತಟ್ಟೆ ನಿಮ್ಗೇ ಅಂತಿದ್ವು,” ಅಂದರು. ಮಾಜಿ ನಿಂತರು. ನಾಲೆಯ ಕಡೆ ನೋಡಿದರು, ಗುಡಿಯ ಕಡೆ ನೋಡಿದರು. “ಪಾಪ, ಮಲ್ಗಿರ್ತಾಳೆ, ತೊಂದ್ರೆ ಕೊಡೋದ್ಯಾಕೆ,” ಎಂದು ಗುಡಿಯ ಕಡೆ ನಡೆದರು. ಹೋಗುವಾಗ ನನ್ನ ಹೆಗಲ ಮೇಲೆ ಕೈ ಹಾಕಿ ಎಳೆದುಕೊಂಡರು, ಫೋಟೊ ತೆಗೆದಾಯಿತು. ಅತ್ತರಿನ ವಾಸನೆ ನನ್ನ ಅಂಗಿಗೆ ಹತ್ತಿಕೊಂಡಿತು.

ನಾನು ಮದ್ದೂರು ಮುಟ್ಟುವ ಮುಂಚೆ ಆ ಫೋಟೊ ಮುಟ್ಟಿತ್ತು. ಸಾಹೇಬರ ಕಡೆಯವನು ಫೋನು ಮಾಡಿ, “ಏನಣ್ಣ, ಶಾಲು ಯಾವತ್ತು ಆಕಿಸ್ಕತಿಯಾ?” ಅಂದ. ಮಂಡಿಯಲ್ಲಿ ಪಕ್ಕದ ಅಂಗಡಿಯವನು ಎದ್ದು ನಿಂತು ಕೈ ಮುಗಿದು, “ಬನ್ನಿ ಮಾಜಿಯೋರ ಬಲಗೈ,” ಅಂದ. ಆ ಮನುಷ್ಯ ಕೆಟ್ಟವನೇ, ಈ ಮಾತೊಂದು ಸರಿ ಎಂದು ವಿವರಿಸಲು ಹೋದೆ. ಯಾರಿಗೂ ಅದು ಬೇಕಿರಲಿಲ್ಲ. ಒಬ್ಬ ಮನುಷ್ಯನನ್ನು ಇಡಿಯಾಗಿ ಒಪ್ಪಬೇಕು, ಇಲ್ಲ ಇಡಿಯಾಗಿ ಉಗಿಯಬೇಕು. ಲೋಡಿನಲ್ಲಿ ಹಾಗೆ ಯಾರೂ ಕಾಯಿ ಕೊಳ್ಳುವುದಿಲ್ಲ, ಒಂದೊಂದನ್ನೂ ಆರಿಸುತ್ತೇವೆ. ಮನುಷ್ಯರ ವಿಷಯದಲ್ಲಿ ಮಾತ್ರ ಕಣ್ಣು ಮುಚ್ಚಿ ರಾಶಿ ಎತ್ತುತ್ತೇವೆ. ಮುಂದಿನ ಚುನಾವಣೆಯಲ್ಲೂ ನಾನು ಮಾಜಿಗೆ ಓಟು ಹಾಕುವುದಿಲ್ಲ. ಆದರೆ ಸಾಹೇಬರ ಪರವಾಗಿ ಮನೆಮನೆ ಸುತ್ತಲು ಕಾಲೂ ಏಳುವುದಿಲ್ಲ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಗೋಣಿಚೀಲದ ಮಾತನ್ನೂ ಮುಚ್ಚಿಡಲಿಲ್ಲ. “ಮೂರ್ ಮಕ್ಳ ಅಪ್ಪ ಕಣ್ರೀ ನೀವು,” ಅಂದಳು. ಬೆಳಿಗ್ಗೆ ಎದ್ದು ಬಾಣಂತಿಗೆಂದು ಬೆಳ್ಳುಳ್ಳಿ ಹುರಿದು ಮೆಣಸಿನ ಸಾರು ಮಾಡಿ, ಮೆತ್ತಗೆ ಅನ್ನ ಮಾಡಿ, ತುಪ್ಪದ ಡಬ್ಬಿಯ ಸಮೇತ ಊಟದ ಕ್ಯಾರಿಯರಿಗೆ ತುಂಬಿದಳು. ಆ ಊರಿನಲ್ಲಂತೂ ಯಾರ ಮನೆಯಲ್ಲೂ ಒಗ್ಗರಣೆ ಇಲ್ಲ, ಅವಳಿಗೆ ಇಂಥದ್ದನ್ನು ಮಾಡಿಕೊಡುವವರು ಯಾರು?

ಕ್ಯಾರಿಯರು ಹಿಡಿದು ನಾಲೆ ದಾಟಿ ಪಂಪ್‌ಮನೆಗೆ ಹೋದೆ. ಗಂಡ ಮರದ ಮೇಲಿದ್ದ, ಮೇಲಿಂದಲೇ “ಅಣ್ಣಾ” ಎಂದು ಕೂಗಿದ. ಬಾಗಿಲು ತೆರೆದೇ ಇತ್ತು. ಅವಳು ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ನಾನು ಹೊಸ್ತಿಲ ಆಚೆಯೇ ನಿಂತು ಕೆಮ್ಮಿದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ನಿನ್ನೆಯ ಲಾರಿ ಬೇಡ ಎಂದಷ್ಟೇ ಗಂಡ ಹೇಳಿದ್ದಿರಬೇಕು, ಕಟ್ಟೆಯ ಮೇಲೆ ನಡೆದದ್ದು ಅವಳಿಗೇನು ಗೊತ್ತು? ಅವಳಿಗೆ ಗೊತ್ತಿದ್ದದ್ದು ದಾರಿಯ ಕಡೆ ತೋರಿಸಿದ ನನ್ನ ಕೈ ಒಂದೇ. ಮಗುವನ್ನು ಎದೆಯಿಂದ ಬಿಡಿಸಿ ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕೆ ಮಲಗಿಸಿದಳು. ಮೊಣಕಾಲೂರಿ, ತುಟಿ ಕಚ್ಚಿಕೊಂಡು, ಚಾಪೆಯ ಒಂದು ತುದಿ ಹಿಡಿದು ಸುತ್ತತೊಡಗಿದಳು.

“ಬೇಡಮ್ಮ, ಬೇಡ,” ಅಂದೆ. ಅವಳಿಗೆ ಅದು ಅರ್ಥವಾಗಲಿಲ್ಲ, ಬೇಗ ಸುತ್ತು ಎಂದು ಕೇಳಿಸಿರಬೇಕು, ಕೈ ಇನ್ನೂ ಚುರುಕಾಯಿತು. ಬೇಡ ಎನ್ನುವುದಕ್ಕೆ ಹಿಂದಿಯಲ್ಲಿ ಏನನ್ನುತ್ತಾರೋ ಆ ಗಳಿಗೆಯಲ್ಲಿ ಎಷ್ಟು ತಡಕಿದರೂ ನೆನಪಾಗಲಿಲ್ಲ. ಹೊಸ್ತಿಲ ಮೇಲೆ ಕ್ಯಾರಿಯರು ಇಟ್ಟು ಹಿಂದೆ ಸರಿದೆ. ಮರದ ಬುಡಕ್ಕೆ ಓಡಿ, ಮೇಲೆ ನೋಡುತ್ತಾ, ಗೊನೆ ಅಲ್ಲೇ ಬಿಟ್ಟು ಮೊದಲು ಇಳಿದು ಬಾರೋ ಮಾರಾಯ ಎಂದು ಕೂಗಿದೆ.